ಐದುನೂರು ಗಂಟೆಗೆ ಸ್ವಲ್ಪ ಕಡಿಮೆ

ಕುರುಗೋಡಿನ ಯಶೋಧರಾಗೆ ಸರಕು ಸಾಗಿಸುವ ವಿಮಾನವನ್ನೇ ಓಡಿಸಬೇಕೆಂಬ ಆಸೆ. ಅಪ್ಪ ಓಬಣ್ಣ ಸಿರುಗುಪ್ಪದ ಮಿಲ್ಲುಗಳಿಂದ ಅಕ್ಕಿ ಸಾಗಿಸುವ ಲಾರಿಯ ಡ್ರೈವರ್. ಬೇಸಿಗೆ ರಜೆಗಳಲ್ಲಿ ಅವನ ಪಕ್ಕ ಕೂತು ಊರೂರು ಕಂಡವಳು ಅವಳು. ವಿದ್ಯಾರ್ಥಿವೇತನದಲ್ಲಿ ಓದಿ ಪೈಲಟ್ ಲೈಸೆನ್ಸ್ ಪಡೆದಾಗ ಅವಳ ಹಾರಾಟದ ಅನುಭವ ಇನ್ನೂರು ಗಂಟೆ. ಸರಕು ಕಂಪನಿಗಳು ಕೇಳುತ್ತಿದ್ದುದು ಐದುನೂರು. ಹಾಗಾಗಿ ಬಳ್ಳಾರಿಯ ಹೊರಗಿನ ತರಬೇತಿ ಶಾಲೆಯಲ್ಲಿ ಶಿಕ್ಷಕಿಯಾಗಿ ಸೇರಿದಳು. ವಿದ್ಯಾರ್ಥಿಯ ಪಕ್ಕ ಕೂತು ಹಾರಿದ ಸಮಯವೆಲ್ಲ ಶಿಕ್ಷಕಿಯ ಅನುಭವಕ್ಕೂ ಸೇರುತ್ತದೆ.

ಆ ಡಿಸೆಂಬರಿನಲ್ಲಿ ಒಂದು ಕಂಪನಿ ಸಹ-ಪೈಲಟ್‌ಗಳನ್ನು ಕರೆಯಿತು. ಅರ್ಜಿಗೆ ಒಂದೇ ವಾರ ಉಳಿದಿತ್ತು. ಅವಳಿಗೆ ಕೆಲವೇ ಗಂಟೆ ಕಡಿಮೆ. ಶಾಲೆಯ ಎರಡು ವಿಮಾನಗಳಲ್ಲಿ ಒಂದು ದುರಸ್ತಿಯಲ್ಲಿತ್ತು. ಉಳಿದದ್ದರಲ್ಲಿ ಆ ವಾರ ಅವಳು ಕಲಿಸಬೇಕಿದ್ದುದು ಬಳ್ಳಾರಿಯ ಮೇಷ್ಟ್ರ ಮಗಳು ಶ್ರೀಕೃತಿಗೆ ಮಾತ್ರ.

ಮಂಗಳವಾರ ಬೆಳಿಗ್ಗೆ ಶ್ರೀಕೃತಿ ಮೂರು ಸಲ ವಿಮಾನ ಇಳಿಸಿದಳು. ಮೂರು ಸಲವೂ ಯಶೋಧರಾಳ ಕೈಗೆ ಕೆಲಸವೇ ಬೀಳಲಿಲ್ಲ. ಹುಡುಗಿ ಒಬ್ಬಳೇ ಹಾರಲು ತಯಾರಾಗಿದ್ದಳು. ಆದರೆ ಒಬ್ಬಳೇ ಹಾರತೊಡಗಿದರೆ ವಾರದ ಉಳಿದ ಗಂಟೆಗಳೆಲ್ಲ ಅವಳವು ಮಾತ್ರ. ಶಿಕ್ಷಕಿಗೆ ಒಂದು ನಿಮಿಷವೂ ಸಿಗದು.

ಮುಖ್ಯ ಶಿಕ್ಷಕ ವಿಜಯಕುಮಾರರಿಗೆ ಇದು ಗೊತ್ತಿತ್ತು. "ಈ ವಾರ ಆಕಿ ಜೋಡಿ ನೀವೇ ಹಾರ್ರಿ. ಒಬ್ಬಾಕಿನ್ನ ಮುಂದಿನ ವಾರ ಕಳಸಿದ್ರಾತು" ಎಂದರು.

"ಆಕಿ ಇವತ್ತೇ ತಯಾರದಾಳ, ಸರ್. ಈಗ ತಡದ್ರ ತನ್ನ ಮ್ಯಾಲೆ ತನಗ ಅನುಮಾನ ಬರ್ತೈತಿ."

"ಮತ್ತ ನಿಮ್ಮ ಅರ್ಜಿ?"

ಯಶೋಧರಾ ಶ್ರೀಕೃತಿ ಕೂತಿದ್ದ ವಿಮಾನದ ಕಡೆ ನಡೆದಳು. ತನ್ನ ಕಡೆಯ ಬೆಲ್ಟನ್ನು ಖಾಲಿ ಸೀಟಿಗೆ ಬಿಗಿದು, ಬಾಗಿಲು ಹಾಕಿದಳು.

"ಮೇಡಂ, ನೀವು ಹತ್ತಂಗಿಲ್ಲೇನ್ರಿ?" ಶ್ರೀಕೃತಿ ಕಿಟಕಿಯಿಂದ ಕೇಳಿದಳು.

"ಇಲ್ಲ. ಒಂದು ಸುತ್ತು ಹಾಕಿ ಬಾ. ನಾ ಇಲ್ಲೇ ಅದೀನಿ."

ವಿಮಾನ ಮೇಲೇರಿ ಸಂಗನಕಲ್ಲಿನ ಗುಡ್ಡಗಳ ಕಡೆ ತಿರುಗಿತು. ಕೆಳಗೆ ನಿಂತ ಯಶೋಧರಾ ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ. ತಾನು ಮೊದಲ ಸಲ ಒಬ್ಬಳೇ ಹಾರಿದಾಗಲೂ ಇಷ್ಟು ಹೆದರಿರಲಿಲ್ಲ. ಕೊನೆಗೆ ಚಕ್ರಗಳು ಹಗುರಾಗಿ ನೆಲ ಮುಟ್ಟಿದವು. ಇಳಿದು ಬಂದ ಶ್ರೀಕೃತಿಯ ತಲೆಗೆ ಎಲ್ಲರೂ, ಮೊದಲ ಸಲ ಒಬ್ಬರೇ ಹಾರಿದವರಿಗೆ ಮಾಡುವ ಹಾಗೆ, ಬಕೆಟ್ ನೀರು ಸುರಿದರು; ಆಕೆ ಓಡಿ ಬಂದು ಶಿಕ್ಷಕಿಯನ್ನು ತಬ್ಬಿಕೊಂಡು ಅವಳನ್ನೂ ತೋಯಿಸಿದಳು. ಇಬ್ಬರೂ ನಕ್ಕು ನಕ್ಕು ಸುಸ್ತಾದರು.

ಅರ್ಜಿಯ ದಿನ ಕಳೆದುಹೋಯಿತು. ಮನೆಯಲ್ಲಿ ಹೇಳಿದಾಗ ಓಬಣ್ಣ ಮಂಡಕ್ಕಿ ಒಗ್ಗರಣೆಯ ತಟ್ಟೆ ಮುಂದೆ ತಳ್ಳಿ, "ಒಂದು ಲೋಡ್ ತಪ್ಪಿದ್ರ ಲಾರಿ ಮಾರ್ತಾರೇನವ್ವ? ತಿನ್ನು ಮೊದಲ" ಎಂದ.

ಮಳೆಗಾಲದ ಹೊತ್ತಿಗೆ ಇನ್ನೊಂದು ಕಂಪನಿ ಕರೆಯಿತು. ಆಗ ಅವಳ ಗಂಟೆಗಳು ಐದುನೂರು ದಾಟಿ ಬಹಳವಾಗಿದ್ದವು. ಸಂದರ್ಶನದಲ್ಲಿ ಹಿರಿಯ ಕ್ಯಾಪ್ಟನ್ ಒಬ್ಬರು, "ವಿದ್ಯಾರ್ಥಿ ಒಬ್ಬನೇ ಹಾರಬಲ್ಲ ಅಂತ ಹೇಗೆ ತಿಳೀತೀರಿ?" ಎಂದು ಕೇಳಿದರು. "ನಾನು ಪಕ್ಕದಲ್ಲಿರೋದನ್ನ ಅವರು ಮರೆತಾಗ, ಸರ್" ಎಂದಳು ಯಶೋಧರಾ. ಕ್ಯಾಪ್ಟನ್ ನಕ್ಕರು. ವಾರದಲ್ಲೇ ಆಯ್ಕೆಯ ಸುದ್ದಿ ಬಂತು.

ದೊಡ್ಡ ವಿಮಾನದ ತರಬೇತಿ ಮುಗಿದು ಮೊದಲ ಸರಕು ಸಾಗಿಸಿದ ದಿನ ಅವ್ವ ಮಾರೆಮ್ಮ ಫೋನ್ ಮಾಡಿದಳು.

"ವಿಮಾನದಾಗ ಎಷ್ಟು ಮಂದಿ ಇದ್ರವ್ವ?"

"ಮಂದಿ ಎಲ್ಲಿ ಬಂತವ್ವ! ಪೆಟ್ಟಿಗಿ ತುಂಬ ಕೋಳಿಮರಿ. ನಿನ್ನೆ ಮೊಟ್ಟಿ ಒಡದು ಬಂದಾವಂತ. ಹತ್ತಿಸೋವಾಗ ಏನ್ ಚಿಂವ್ ಚಿಂವ್ ಅಂತೀಯ!"

"ಕೋಳಿಮರಿಗಳಿಗೂ ವಿಮಾನ?" ಮಾರೆಮ್ಮ ಬಿದ್ದು ಬಿದ್ದು ನಕ್ಕಳು. ನಡುವೆಯೇ ಫೋನ್ ಕಿತ್ತುಕೊಂಡ ಓಬಣ್ಣ ಕೇಳಿದ: "ಎಲ್ಲಾ ಜ್ವಾಕಿಯಿಂದ ಇಳದ್ವೇನು?"

"ಒಂದೂ ಬಿಡದಂಗ, ಅಪ್ಪಾ."