ಕೌಜಲಗಿಯವರ ಬೆನ್ನಿನ ಮಣ್ಣು

ಕೌಜಲಗಿಯ ಪೈಲವಾನರ ಬೆನ್ನಿಗೆ ಮಣ್ಣೇ ಹತ್ತುವುದಿಲ್ಲವಲ್ಲ ಎಂಬುದು ಮಸಗುಪ್ಪಿ ಗರಡಿಯ ವಸ್ತಾದ ಮುರಿಗೆಪ್ಪನ ಹೊಟ್ಟೆಯುರಿ. ಹತ್ತುತ್ತಿತ್ತು, ಧಾರಾಳವಾಗಿ ಹತ್ತುತ್ತಿತ್ತು. ಸೋಲು-ಗೆಲುವು ಹೇಳುವ ಪಂಚರಿಗೆ ಮಾತ್ರ ಕಾಣುತ್ತಿರಲಿಲ್ಲ.

ಸುಗ್ಗಿ ಮುಗಿದ ಮೇಲೆ ಮಮದಾಪುರದಲ್ಲಿ ಸುತ್ತಲಿನ ಊರುಗಳ ಕುಸ್ತಿ. ಬೆನ್ನಿಗೆ ಮಣ್ಣು ಹತ್ತಿದವನು ಸೋತ, ಲೆಕ್ಕ ಇಷ್ಟೆ. ಆದರೆ ಹಿಡಿತ ಜಾರಬಾರದೆಂದು ಮೊದಲೇ ಒಬ್ಬರ ಮೈಮೇಲೊಬ್ಬರು ಮಣ್ಣು ಎರಚಿಕೊಳ್ಳುವುದೂ ಪದ್ಧತಿ. ಹಾಗಾಗಿ ಕೌಜಲಗಿಯವನ ಬೆನ್ನಿಗಿದ್ದರೆ ಅದು ಮೊದಲು ಎರಚಿದ ಮಣ್ಣು, ಉಳಿದವರ ಬೆನ್ನಿಗಿದ್ದರೆ ಸೋತ ಮಣ್ಣು. ದೊಡ್ಡ ಊರು, ಅಜ್ಜಂದಿರ ಕಾಲದಿಂದ ಹೆಸರಾದ ಗರಡಿ. ಅವರ ಪೈಲವಾನರು ಬಂದರೆ ಪಂಚರು ಕೂತಲ್ಲೇ ಅರ್ಧ ಏಳುತ್ತಿದ್ದರು.

ಮುರಿಗೆಪ್ಪ ಹನ್ನೊಂದು ವರ್ಷ ಜಗಳಾಡಿದ. ಗೋಕಾಕದ ಮಾಮಲೇದಾರರಿಗೆ ಅರ್ಜಿಯನ್ನೂ ಬರೆಸಿದ. ಹೊಲದ ಮಣ್ಣಾದರೆ ವಿಚಾರಿಸಬಹುದು, ಬೆನ್ನಿನ ಮಣ್ಣು ಈ ಕಚೇರಿಗೆ ಸೇರಿದ್ದಲ್ಲ ಎಂದು ಉತ್ತರ ಬಂತು. ಹೆಂಡತಿ ಕಾಶೆವ್ವನಿಗಂತೂ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು. "ಇನ್ನ ಈ ಮನ್ಯಾಗ ಕೌಜಲಗಿ ಹೆಸರ ತಗದ್ರ, ರೊಟ್ಟಿ ನೀವ ಬಡಕೋರ್ರಿ" ಎಂದಳು.

ಹನ್ನೆರಡನೆಯ ವರ್ಷ ಪಂಚರಿಗೇ ಸಾಕಾಯಿತು. ಮಮದಾಪುರದ ಹಿರಿಯ ಪಂಚ ಪರಪ್ಪ ಮುರಿಗೆಪ್ಪನ ಮನೆಗೇ ಬಂದ. "ಈ ಸಲ ಕಡೀ ಕುಸ್ತಿಗೆ ನೀವ ಪಂಚ ಆಗ್ರಿ. ನಿಮ್ಮ ಕಣ್ಣಿಗೆ ಕಂಡದ್ದ ಖರೆ."

ಕಡೆಯ ಕುಸ್ತಿ ಮುರಿಗೆಪ್ಪನ ಶಿಷ್ಯ ಖಾದರಬಾಷಾನಿಗೂ ಕೌಜಲಗಿಯ ಕರೆಪ್ಪನಿಗೂ. ಗೆದ್ದವನಿಗೆ ಬೆಳ್ಳಿ ಕಡಗ. ಮಸಗುಪ್ಪಿಯವರು ಅದನ್ನು ಇದುವರೆಗೆ ದೂರದಿಂದಷ್ಟೇ ನೋಡಿದ್ದರು. ಎದುರಾಳಿಯ ವಸ್ತಾದನೇ ಪಂಚನೆಂದು ಕೌಜಲಗಿಯವರು ತಕರಾರು ಮಾಡಲಿಲ್ಲ. ಸೋಲಬಹುದೆಂಬ ಯೋಚನೆಯೇ ಅವರಿಗೆ ಬರಲಿಲ್ಲ.

ಖಾದರಬಾಷಾ ಕರೆಪ್ಪನನ್ನು ಸೊಂಟಕ್ಕೆ ಹಿಡಿದು ಎತ್ತಿ ಒಗೆದ. ಧೊಪ್ಪೆಂದು ಎರಡೂ ಹೆಗಲು ನೆಲಕ್ಕೆ ಬಡಿದವು. ಮುರಿಗೆಪ್ಪ ತಲೆಯ ಪಟಕಾ ಸರಿಮಾಡಿಕೊಂಡು ಹೋಗಿ, ಕರೆಪ್ಪನನ್ನು ಎಬ್ಬಿಸಿ ಬೆನ್ನು ನೋಡಿದ. ಹೆಗಲಿನಿಂದ ಸೊಂಟದವರೆಗೆ ಮಣ್ಣು.

ಹನ್ನೊಂದು ವರ್ಷ ಕನಸಿನಲ್ಲಿ ಕಂಡ ಬೆನ್ನು ಎದುರಿಗಿತ್ತು, ಆದರೂ ಅವನು ಕಣ್ಣುಜ್ಜಿಕೊಂಡು ಮತ್ತೊಮ್ಮೆ ನೋಡಿದ. ಕೌಜಲಗಿಯವರು ಬೀಳುವುದೆಂದರೇನು? ಅಪ್ಪ ಕಂಡಿರಲಿಲ್ಲ, ಅಜ್ಜ ಕಂಡಿರಲಿಲ್ಲ. ಶಿಷ್ಯನ ಮೇಲಿನ ಮಮತೆಗೆ ತನ್ನ ಕಣ್ಣೇ ಮೋಸ ಮಾಡುತ್ತಿರಬೇಕು.

"ಇದು ಮೊದಲ ಎರಚಿದ ಮಣ್ಣ" ಎಂದ. "ಕುಸ್ತಿ ನಡೀಲಿ."

ಕರೆಪ್ಪನೇ ಗಾಬರಿಯಾದ. "ನಾ ಬಿದ್ದೀನ್ರಿ, ವಸ್ತಾದ್ರ."

"ನಿಮಗ ತಿಳ್ಯಂಗಿಲ್ಲ, ಸುಮ್ಕಿರ್ರಿ ಪೈಲವಾನ್ರ. ಕೌಜಲಗಿಯವರು ಬೀಳಂಗಿಲ್ಲ."

ಖಾದರಬಾಷಾ ಬಾಯಿ ತೆರೆದುಕೊಂಡು ಗುರುವಿನ ಮುಖವನ್ನೇ ನೋಡುತ್ತ ನಿಂತಿದ್ದಾಗ ಕರೆಪ್ಪ ಬಂದು ಅವನನ್ನು ಕೆಡವಿದ. ಕಡಗ ಕೌಜಲಗಿಗೆ ಹೋಯಿತು.

ಊರ ದಾರಿಯಲ್ಲಿ ಇಬ್ಬರೂ ಹರದಾರಿ ದೂರ ನಡೆದರು. ಮುರಿಗೆಪ್ಪನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಅಂವ ಬಿದ್ದಿದ್ದ, ಖಾದರ" ಎಂದ ಕೊನೆಗೆ. "ನಾ ನೋಡಿದ್ನಿ. ನಂಬಾಕ ಆಗಲಿಲ್ಲ."

ಖಾದರಬಾಷಾ ಹೆಗಲಿನ ಮಣ್ಣು ಕೊಡವಿಕೊಂಡ. "ಹಂಗಾರ ಆ ಪಂಚರಿಗೂ ಹಿಂಗ ಆಗಿರಬೇಕ್ರಿ. ಹನ್ನೊಂದ ವರ್ಷ ಸುಮ್ನ ಬೈದ್ವಿ ಅವರಿಗೆ."

ಕಡಗ ಹೋದದ್ದಕ್ಕಿಂತ ಆ ಮಾತೇ ಮುರಿಗೆಪ್ಪನಿಗೆ ಹೆಚ್ಚು ಚುಚ್ಚಿತು.