ಮೊದಲೇ ಸೋಸಿದ ನೀರು

ಪ್ರಯೋಗಾಲಯದ ಕಸದ ಬುಟ್ಟಿಯನ್ನು ಬೋರಲು ಹಾಕಿ, ನೆಲದ ಮೇಲೆ ಮಂಡಿಯೂರಿ ಪಾಚಿ ಮೇಡಂ ಹುಡುಕುತ್ತಿದ್ದಳು. ಕೆರೆಗಳಲ್ಲಿ ಉಕ್ಕುವ ವಿಷಪಾಚಿಯ ಮೇಲೆ ಸಂಶೋಧನೆ ಮಾಡುವವಳಿಗೆ ಜೊತೆಯವರು ಇಟ್ಟ ಹೆಸರದು. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ, ಹೆಸರು ಮಾತ್ರ ಗಟ್ಟಿಯಾಗಿ ಅಂಟಿಕೊಂಡಿತ್ತು. ಕೊನೆಗೂ ಸಿಕ್ಕಿತು: ಬಿಲ್ಲೆಯಷ್ಟಗಲದ ಸೋಸುಕಾಗದ, ಅದರ ಮೇಲೆ ಹಸಿರು ಲೋಳೆ.

"ಅಯ್ಯೋ, ಎಂಥ ಕೆಲಸ ಮಾಡ್ಬಿಟ್ಟೆ!"

ಈ ಪಾಚಿ ಬಲು ಜಿಪುಣ. ಬದುಕಿರುವಷ್ಟು ಕಾಲ ವಿಷವನ್ನೆಲ್ಲ ಒಡಲಲ್ಲೇ ಬಚ್ಚಿಟ್ಟುಕೊಂಡಿರುತ್ತದೆ. ಮೊದಲು ಅದನ್ನು ಹೆಪ್ಪುಗಟ್ಟಿಸಿ, ಕರಗಿಸಿ, ಒಡೆಯಬೇಕು. ಆಮೇಲೆ ಸೋಸಿ ನೀರನ್ನು ಪರೀಕ್ಷಿಸಬೇಕು. ವರದಿ ಎಲ್ಲಿ, ವರದಿ ಎಲ್ಲಿ ಎಂದು ಎಲ್ಲರೂ ತಲೆಯ ಮೇಲೆ ಕೂತಿದ್ದ ಗಡಿಬಿಡಿಯಲ್ಲಿ ಇವಳು ಮೊದಲೇ ಸೋಸಿಬಿಟ್ಟಿದ್ದಳು. ವಿಷ ಬುಟ್ಟಿಗೆ ಹೋಯಿತು, ಬರೀ ನೀರು ಪಾಸಾಯಿತು. ಅದನ್ನೇ ನಂಬಿ ಇವತ್ತು ಬೆಳಿಗ್ಗೆ ಕೆರೆಯಲ್ಲಿ ಮಕ್ಕಳ ಈಜು ತರಗತಿ ಶುರುವಾಗಿತ್ತು. ಅಕ್ಕನ ಮಗಳೂ ಹೋಗಿದ್ದಳು. "ನನ್ನ ತಂಗೀನೇ ನೋಡಿ ಹೇಳಿದ ಮೇಲೆ ಇನ್ನೇನು ಭಯ?" ಎಂದು ಅಕ್ಕ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು.

ವಿಷಯ ಕೇಳಿದ ಪ್ರೊಫೆಸರ್ ಕನ್ನಡಕ ಹಣೆಗೇರಿಸಿದರು. "ಇನ್ನೊಂದ್ಸಲ ಪರೀಕ್ಷೆ ಮಾಡು, ಸೋಮವಾರ ನೋಡೋಣ. ಈಗ್ಲೇ ಹೋಗಿ ತಪ್ಪಾಯ್ತು ಅಂದ್ರೆ ನಿನ್ನ ಕೆಲಸ ಖಾಯಂ ಆದ ಹಾಗೇ!"

"ಅಲ್ಲೀವರೆಗೂ ಮಕ್ಕಳು ನೀರಲ್ಲೇ ಇರ್ತಾರಲ್ಲ ಸಾರ್!"

"ಮನೆಗೆ ಬೆಂಕಿ ಬಿದ್ದೋರ ಹಾಗೆ ಆಡಬೇಡ."

ಈಜು ಮಾಸ್ತರಿಗೆ ಫೋನ್ ಮಾಡಿದಳು, ಎತ್ತಲಿಲ್ಲ. ಅಕ್ಕನಿಗೆ ಮಾಡಿದಳು, ಅವಳೂ ಎತ್ತಲಿಲ್ಲ. ಬಿಳಿ ಕೋಟು ಬಿಚ್ಚುವುದನ್ನೂ ಮರೆತು ಬಸ್ಸು ಹತ್ತಿದಳು. ಆ ಬಸ್ಸೋ, ಕೈ ತೋರಿಸಿದವರಿಗೆಲ್ಲ ನಿಲ್ಲುವ ಪುಣ್ಯಾತ್ಮ. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಸೇತುವೆಯ ಹತ್ತಿರ ತಡೆಯಲಾರದೆ ಇಳಿದು ಓಡಿದಳು.

ಕೆರೆಯಲ್ಲಿ ಮಕ್ಕಳ ಗಲಾಟೆ ಮುಗಿಲು ಮುಟ್ಟಿತ್ತು. "ಎಲ್ಲರನ್ನೂ ಮೇಲಕ್ಕೆ ಕರೀರಿ, ನೀರಲ್ಲಿ ವಿಷ ಇರಬಹುದು" ಎಂದು ಏದುಸಿರು ಬಿಡುತ್ತಲೇ ಕೂಗಿದಳು.

ದಡದಲ್ಲಿದ್ದ ಮಾಸ್ತರ ಸೊಂಟದ ಮೇಲೆ ಕೈಯಿಟ್ಟ. "ಅಲ್ಲ ಮೇಡಂ, ಮೊನ್ನೆ ಒಳ್ಳೇ ನೀರು ಅಂದ್ರಿ, ಇವತ್ತು ವಿಷ ಅಂತೀರಿ. ನಿಮ್ಮ ನಾಲಿಗೆಗೆ ಎಲುಬೇ ಇಲ್ವಾ? ಯಾವುದನ್ನ ನಂಬ್ಲಿ?"

ಮಕ್ಕಳ ಅಪ್ಪ ಅಮ್ಮಂದಿರೆಲ್ಲ ಅವಳತ್ತ ತಿರುಗಿದರು. ನಾಚಿಕೆಯಿಂದ ಕಿವಿ ಸುಡುತ್ತಿತ್ತು.

"ಇವತ್ತಿಂದು ನಂಬಿ. ಮೊನ್ನೆಯದು ತಪ್ಪು. ನಂದೇ ತಪ್ಪು, ಬೇರೆ ಯಾರದ್ದೂ ಅಲ್ಲ."

"ಚೆನ್ನಾಗಿದೆ ಕಥೆ!" ಎಂದು ಯಾರೋ ಬೈದರು. ಮಾಸ್ತರ ಅವಳ ಮುಖವನ್ನೊಮ್ಮೆ ನೋಡಿ ಸೀಟಿ ಊದಿದ. ಮಕ್ಕಳು ಗೊಣಗುತ್ತ ಒಬ್ಬೊಬ್ಬರೇ ಹತ್ತಿ ಬಂದರು.

ಎಲ್ಲರಿಗಿಂತ ಕೊನೆಗೆ ಬಂದವಳು ಅಕ್ಕನ ಮಗಳು. ಪಾಚಿ ಮೇಡಂ ಅವಳಿಗೆ ಟವೆಲ್ ಹೊದಿಸುತ್ತ, ದನಿ ನಡುಗದಂತೆ ಕೇಳಿದಳು, "ಪುಟ್ಟಿ, ನೀರು ಏನಾದ್ರೂ ಕುಡಿದ್ಯಾ?"

"ಹೂಂ ಚಿಕ್ಕಮ್ಮ. ಮುಳುಗಿದಾಗ."

"ಎಷ್ಟು?"

ಪುಟ್ಟಿ ಹೆಬ್ಬೆರಳು, ತೋರುಬೆರಳು ಅಗಲಿಸಿ ತೋರಿಸಿದಳು. ಚಿಕ್ಕಮ್ಮನ ಮುಖ ನೋಡಿ ಬೆರಳುಗಳನ್ನು ಸ್ವಲ್ಪ ಹತ್ತಿರ ತಂದಳು. ಮತ್ತೆ ನೋಡಿ, ಇನ್ನೂ ಸ್ವಲ್ಪ.