ಭರಮಪ್ಪ ಇಳಿಸಿದ ಬಾವುಟ

ಭರಮಪ್ಪ ಮಹಾರಾಷ್ಟ್ರದ ಇಚಲಕರಂಜಿಯಲ್ಲಿ ಮಗ್ಗ ನಡೆಸುತ್ತಿದ್ದ. ರಜೆಯ ದಿನ ಫುಟ್‌ಬಾಲ್ ರೆಫರಿ. ಗಡಹಿಂಗ್ಲಜದ ಮೈದಾನದಲ್ಲಿ ಅವನ ಸೀಟಿಯ ಸದ್ದಿಗೆ ಆಡಿ ಬೆಳೆದವರು ಈಗ ತಮ್ಮ ಮಕ್ಕಳನ್ನು ಆಟ ತೋರಿಸಲು ಕರೆತರುತ್ತಿದ್ದರು. ಐವತ್ತು ದಾಟಿದ ಮೇಲೆ ಅವನ ಮೊಣಕಾಲು ನೋಯತೊಡಗಿತು. ಚೆಂಡು ಗೋಲಿನ ಹತ್ತಿರ ಹೋದಾಗ ಅವನಿನ್ನೂ ನಡುಮೈದಾನದಲ್ಲಿ ಇರುತ್ತಿದ್ದ. ಇದು ಮೊದಲು ತಿಳಿದದ್ದು ಅವನಿಗೇ.

ಅವನ ಓಣಿಯ ರುತುಜಾ ಕೊಲ್ಹಾಪುರದಲ್ಲಿ ಕಾಲೇಜು ಓದುತ್ತ ರೆಫರಿ ಪರೀಕ್ಷೆ ಪಾಸಾಗಿದ್ದಳು. ಪಂದ್ಯ ನಡೆಸಲು ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಭರಮಪ್ಪ ಅವಳನ್ನು ಶಾಲೆಗಳ ಪಂದ್ಯಗಳಿಗೆ ಕರೆದೊಯ್ದ. ಎಲ್ಲಿ ನಿಲ್ಲಬೇಕು, ಬೈಯುವವನ ಎದುರು ಎಷ್ಟು ಹೊತ್ತು ಸುಮ್ಮನಿರಬೇಕು ಎಂದು ಕಲಿಸಿದ. ಈ ಸಲ ಗಡಹಿಂಗ್ಲಜದವರು ತಮ್ಮ ಟೂರ್ನಿಗೆ ಅವನನ್ನು ಕರೆದಾಗ, ಸೆಮಿಫೈನಲ್ ಅವಳಿಗೆ ಕೊಡಿ ಎಂದ.

ಸಮಿತಿಯ ಬಾಳಗೊಂಡ, ಬೆಲ್ಲದ ವ್ಯಾಪಾರಿ, ಹಿಂದೆಮುಂದೆ ನೋಡಿದ. "ಗಂಡಸ್ರ ಆಟ ಐತ್ರಿ. ಜಗಳಾದ್ರ ಯಾರು ನೋಡಾವ್ರು?"

"ಆಕಿನ ನೋಡ್ತಾಳ್ರಿ. ನಾ ಲೈನ್ ಮ್ಯಾಲ ಬಾವುಟ ಹಿಡ್ದು ನಿಂದರ್ತೇನಿ."

ಸೆಮಿಫೈನಲ್ಲಿನ ಎರಡನೆಯ ಅವಧಿಯಲ್ಲಿ ಒಬ್ಬ ಆಟಗಾರ ಎಲ್ಲರಿಗಿಂತ ಮುಂದೆ ನಿಂತು ಚೆಂಡು ಪಡೆದ. ಆಫ್‌ಸೈಡ್ ಎಂದು ಭರಮಪ್ಪ ಬಾವುಟ ಎತ್ತಿದ. ಚೆಂಡು ಬಲೆಗೆ ಬಿತ್ತು. ರುತುಜಾ ಬಾವುಟ ನೋಡಿದಳು, ಆದರೂ ಗೋಲು ಕೊಟ್ಟಳು. ಗೋಲು ಬಿಟ್ಟುಕೊಟ್ಟ ತಂಡದವರು ಅವಳನ್ನು ಸುತ್ತುವರಿದರು. ಮುದುಕನ ಮಾತು ಕೇಳು ಎಂದು ಜನ ಮರಾಠಿಯಲ್ಲಿ ಕೂಗಿದರು. ಅವರ ಕಪ್ತಾನ ಓಡಿಬಂದು ಭರಮಪ್ಪನ ಮುಂದೆ ನಿಂತ. "ಕಾಕಾ, ತುಮ್ಹೀ ಸಾಂಗಾ ನಾ," ನೀವೇ ಹೇಳಿ ಎಂದ.

ಬಾವುಟ ಇನ್ನೂ ಮೇಲಿತ್ತು. ಭರಮಪ್ಪ ಅದನ್ನು ಇಳಿಸಿದ. "ನಿರ್ಣಯ ರೆಫರೀಚಾ," ತೀರ್ಮಾನ ರೆಫರಿಯದು, ಎಂದ.

ಆಟ ಮುಗಿದ ಮೇಲೆ ರುತುಜಾ ಬಂದಳು. "ಕಾಕಾ, ಚೆಂಡು ಗೋಲು ತಿಂದವ್ರ ಡಿಫೆಂಡರ್ ಒಬ್ಬಾಂವ ಹಿಂದಕ್ಕ ಒದ್ದಿದ್ದನ್ರಿ. ಎದುರಿನವ್ರು ಒದ್ದ ಚೆಂಡಾದ್ರ ಆಫ್‌ಸೈಡ್ ಆಗೂದಿಲ್ಲ. ನಿಮಗ ಯಾರರ ಅಡ್ಡ ಬಂದಿರಬೇಕು."

"ಇದ್ದೀತು."

ಆ ಒದೆತ ಅವನಿಗೆ ಕಂಡಿರಲಿಲ್ಲ. ಆದರೂ ಅಷ್ಟು ಜನರೆದುರು ತನ್ನ ಬಾವುಟವನ್ನು ಅವಳು ತಳ್ಳಿಹಾಕಿದ್ದು ಅವನಿಗೆ ಹಿಡಿಸಿರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತ.

ಮನೆಯಲ್ಲಿ ಹೆಂಡತಿ ಹೌಸಾಬಾಯಿ ಎಲ್ಲ ಕೇಳಿ, "ತಪ್ಪು ಯಾರದ್ರಿ?" ಅಂದಳು.

"ನಂದ."

"ಆಕಿಗ ಹೇಳೀರೇನು?"

ಅವನು ರೊಟ್ಟಿ ಮುರಿಯುತ್ತ ಕುಳಿತ.

ಮರುದಿನ ಬಾಳಗೊಂಡನ ಫೋನು. "ಫೈನಲ್ ನೀವ ಮಾಡ್ರಿ, ಭರಮಪ್ಪಾರ. ಜನ ನಿಮ್ಮನ್ನ ಕೇಳಾಕತ್ತಾರ."

ಕೊನೆಗೊಂದು ಫೈನಲ್ ನಡೆಸಬೇಕೆಂಬ ಆಸೆ ಭರಮಪ್ಪನಿಗೆ ಇತ್ತು. ಆದರೂ ಬೇಡ ಎಂದ.

"ರುತುಜಾನ ಮಾಡ್ಲಿ. ನಿನ್ನೆ ತಪ್ಪಿದಾಂವ ನಾನ್ರಿ, ಆಕಿ ಅಲ್ಲ."

"ಅದು ಜನರಿಗೆ ಹೆಂಗ ತಿಳೀಬೇಕ್ರಿ?"

"ಮೈಕ್ ಕೊಡ್ರಿ, ಹೇಳ್ತೇನಿ."

ಫೈನಲ್ಲಿನ ದಿನ ಬಾಳಗೊಂಡ ಮೈಕು ಕೊಟ್ಟೇಬಿಟ್ಟ. ಗೋಲು ಸರಿಯಿತ್ತು, ತಾನು ಎತ್ತಿದ ಬಾವುಟ ತಪ್ಪಾಗಿತ್ತು ಎಂದು ಭರಮಪ್ಪ ಮರಾಠಿಯಲ್ಲಿ ಹೇಳಿದ. ಕೆಲವರು ನಕ್ಕರು. ರುತುಜಾ ನೆಲ ನೋಡುತ್ತ ಬೂಟಿನ ಲೇಸು ಬಿಗಿದುಕೊಂಡಳು. ಅವನು ಹೋಗಿ ಗೆರೆಯ ಮೇಲೆ ನಿಂತ. ಜನ ಅಂದೂ ರುತುಜಾಳಿಗೆ ಬೈದರು, ಎಲ್ಲ ರೆಫರಿಗಳಿಗೆ ಬೈಯುವಷ್ಟೇ.

ಮುಂದಿನ ತಿಂಗಳು ಪಂದ್ಯ ನಡೆಸಲು ಅವಳಿಗೆ ಕೊಲ್ಹಾಪುರದಿಂದ ಕರೆ ಬಂತು.

"ಲೈನಿಗೆ ಬರ್ತೀರಲ್ರಿ, ಕಾಕಾ?"

"ಅಲ್ಲಿ ಅವರ ಮಂದಿ ಇರ್ತಾರ. ನೀ ಹೋಗಿ ಬಾ."

ಅವಳು ಒಬ್ಬಳೇ ಹೋದಳು. ಸಂಜೆ ತಾನಾಗಿ ಫೋನು ಮಾಡಬಾರದೆಂದು ಭರಮಪ್ಪ ಸುಮ್ಮನಿದ್ದ. ಅವಳೇ ಮಾಡಿದಳು.

"ಒಬ್ಬಾಂವಗ ಕೆಂಪು ಕಾರ್ಡ್ ಕೊಟ್ಟೆನ್ರಿ."

"ಬೈದಾನೇನು?"

"ಭಾಳ ಬೈದಾನ್ರಿ."

"ಊಟ ಮಾಡೀಯೋ ಇಲ್ಲೋ?" ಎಂದು ಕೇಳಿದ ಭರಮಪ್ಪ.